ಕಡಲ ದಾರಿಯ ಬುತ್ತಿ

ವಿಹಾರಕ್ಕೆಂದು ಹೊರಡುವ ಕ್ರೂಸ್ ಹಡಗುಗಳ ರಾತ್ರಿಯೂಟದ ಪಟ್ಟಿಯನ್ನು ಒಮ್ಮೆ ಗಮನವಿಟ್ಟು ಓದಬೇಕು. ಮೇಲಿನ ಸಾಲುಗಳಲ್ಲಿ ಬಾಯಿಗೆ ಸರಿಯಾಗಿ ಹೊರಳದ ಫ್ರೆಂಚ್ ಹೆಸರುಗಳಿರುತ್ತವೆ. ದೊಡ್ಡ ಸಿಗಡಿ, ಬಸವನ ಹುಳು, ಹೆಸರೇ ಕೇಳದ ಸಾಸುಗಳು ಇರುತ್ತವೆ. ಕಣ್ಣನ್ನು ಸ್ವಲ್ಪ ಕೆಳಗಿಳಿಸಿದರೆ ಅಲ್ಲಿ ಬೇರೆಯೇ ಲೋಕ. ಖೀಮಾವನ್ನು ಬ್ರೆಡ್ಡಿನ ಆಕಾರದಲ್ಲಿ ಬೇಯಿಸಿದ ಮೀಟ್‌ಲೋಫ್, ಆಲೂಗಡ್ಡೆ ಗಜ್ಜರಿಯೊಂದಿಗೆ ಗಂಟೆಗಟ್ಟಲೆ ಬೆಂದ ಮಾಂಸ, ಕರಿದ ಕೋಳಿ, ಬಟಾಣಿ ಸೂಪು, ಹಳೆಯ ಬ್ರೆಡ್ಡಿನಿಂದ ಮಾಡಿದ ಪುಡ್ಡಿಂಗ್. ಅಮೆರಿಕದ ಕಾರ್ನಿವಲ್ ಕಂಪೆನಿಯ ಹಡಗುಗಳಲ್ಲಿ ಬಹುಕಾಲದಿಂದ ಪ್ರತಿ ರಾತ್ರಿಯೂ ಭಾರತೀಯ ಸಸ್ಯಾಹಾರಿ ತಟ್ಟೆಯೊಂದು ಪಟ್ಟಿಯಲ್ಲಿರುತ್ತದೆ: ಅನ್ನ, ಬೇಳೆ, ಎರಡು ಪಲ್ಯ, ಹಪ್ಪಳ, ಮೊಸರು.

ಇಷ್ಟೊಂದು ಹಣ ಕೊಟ್ಟು, ಮನೆಯಿಂದ ಸಾವಿರಾರು ಮೈಲಿ ದೂರ ಹೋಗಿ, ನಡುಗಡಲಿನಲ್ಲಿ ಕುಳಿತು ಮನುಷ್ಯ ಕೇಳುವುದು ಮನೆಯಲ್ಲಿ ತಿನ್ನುವುದನ್ನೇ! ಮೊದಲಿಗೆ ಇದು ನಗೆ ತರಿಸುವ ಸಂಗತಿ. ಆದರೆ ಹಡಗಿನ ಊಟದ ಇತಿಹಾಸವನ್ನು ಕೆದಕುತ್ತ ಹೋದಂತೆ ನಗು ಕಡಿಮೆಯಾಗುತ್ತದೆ. ಹಡಗಿನಲ್ಲಿ ಯಾರಿಗೆ ಮನೆಯ ಊಟ ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಯಾರು ಅದನ್ನು ಬೇಯಿಸಿ ಬಡಿಸಿದರು ಎಂಬ ಪ್ರಶ್ನೆಗಳ ಹಿಂದೆ ವರ್ಗ, ಧರ್ಮ, ಸಾಮ್ರಾಜ್ಯ ಮತ್ತು ದುಡಿಮೆಯ ಕಥೆಯೇ ಇದೆ. ಆ ಕಥೆಯಲ್ಲಿ ನಮ್ಮವರೂ ಇದ್ದಾರೆ.

ಬುತ್ತಿ ಕಟ್ಟಿದ ಕಾಲ

ಕನ್ನಡದಲ್ಲಿ ಬುತ್ತಿ, ಉರ್ದುವಿನಲ್ಲಿ ತೋಶಾ. ಎರಡಕ್ಕೂ ಅರ್ಥ ಒಂದೇ, ದಾರಿಗೆಂದು ಮನೆಯವರು ಕಟ್ಟಿಕೊಟ್ಟ ಊಟ. ಹಜ್‌ಗೆ ಹೊರಡುವವರು ಬುತ್ತಿಯಿಲ್ಲದೆ ಹೊರಡಬಾರದು, ಎಲ್ಲ ಬುತ್ತಿಗಿಂತ ಮಿಗಿಲಾದದ್ದು ತಖ್ವಾ ಎಂಬ ಅರ್ಥದ ಮಾತು ಕುರ್‌ಆನಿನ ಅಲ್-ಬಖರ ಅಧ್ಯಾಯದಲ್ಲಿಯೇ ಬರುತ್ತದೆ. ಅಂದರೆ ಪ್ರಯಾಣಕ್ಕೂ ಬುತ್ತಿಗೂ ಇರುವ ನಂಟು ಬಹಳ ಹಳೆಯದು. ಹಡಗಿನ ವಿಷಯದಲ್ಲಂತೂ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಬಡ ಪ್ರಯಾಣಿಕನಿಗೆ ಬುತ್ತಿಯೇ ಊಟ. ಹಡಗಿನವರು ಕೊಡುತ್ತಿದ್ದುದು ಜಾಗ ಮತ್ತು ನೀರು ಮಾತ್ರ.

ಯುರೋಪಿನಿಂದ ಅಮೆರಿಕಕ್ಕೆ ವಲಸೆ ಹೋಗುತ್ತಿದ್ದ ಬಡವರು ತಮ್ಮ ಹಿಟ್ಟು, ಆಲೂಗಡ್ಡೆ, ಒಣ ಮಾಂಸಗಳನ್ನು ತಾವೇ ಹೊತ್ತು ತರುತ್ತಿದ್ದರು. ಡೆಕ್ಕಿನ ಮೇಲಿದ್ದ ಒಲೆಗಳ ಮುಂದೆ ಸರದಿಯಲ್ಲಿ ನಿಂತು ಬೇಯಿಸಿಕೊಳ್ಳುತ್ತಿದ್ದರು. ಗಾಳಿ ಜೋರಾದರೆ ಒಲೆ ಆರಿಸುತ್ತಿದ್ದರು, ಆ ದಿನ ಹಸಿದಿರಬೇಕು. ಹಡಗು ತಡವಾದರೆ ಬುತ್ತಿ ಮುಗಿಯುತ್ತಿತ್ತು. 1842ರ ಬ್ರಿಟಿಷ್ ಪ್ರಯಾಣಿಕರ ಕಾಯ್ದೆಯು ಪ್ರತಿಯೊಬ್ಬನಿಗೂ ವಾರಕ್ಕೆ 7 ಪೌಂಡ್ ಬ್ರೆಡ್, ಬಿಸ್ಕತ್ತು, ಹಿಟ್ಟು ಅಥವಾ ಅಕ್ಕಿಯನ್ನು ಹಡಗಿನವರೇ ಕೊಡಬೇಕೆಂದು ವಿಧಿಸಿತು. ಇದು ಹೊಟ್ಟೆ ತುಂಬಿಸುವ ಲೆಕ್ಕವಲ್ಲ, ಸಾಯದಂತೆ ನೋಡಿಕೊಳ್ಳುವ ಲೆಕ್ಕ.

ಅದೇ ವರ್ಷದ ಜನವರಿಯಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಕುನಾರ್ಡ್ ಕಂಪೆನಿಯ ಬ್ರಿಟಾನಿಯಾ ಎಂಬ ಹಡಗಿನಲ್ಲಿ ಅಮೆರಿಕಕ್ಕೆ ಹೋದರು. 1840ರಲ್ಲಿ ಮೊದಲ ಬಾರಿ ಕಡಲಿಗಿಳಿದ ಈ ಹಡಗಿನ ಮೇಲೆ ತಾಜಾ ಹಾಲಿಗಾಗಿ ಒಂದು ಹಸುವನ್ನೇ ಕಟ್ಟಿದ್ದರಂತೆ. ಶೀತಲ ಪೆಟ್ಟಿಗೆಗಳಿಲ್ಲದ ಕಾಲ ಅದು. ಉಳ್ಳವರ ಹಡಗುಗಳು ಕುರಿ, ಕೋಳಿ, ಹಸುಗಳನ್ನು ಜೀವಂತವಾಗಿಯೇ ಕೊಂಡೊಯ್ಯುತ್ತಿದ್ದವು. ಉಳ್ಳವನಿಗೆ ಹಸು, ಇಲ್ಲದವನಿಗೆ ತಾನೇ ಕಟ್ಟಿ ತಂದ ಗಂಟು.

ಮುಂಬೈಯಿಂದ ಜಿದ್ದಾಕ್ಕೆ ಹೋಗುತ್ತಿದ್ದ ಹಜ್ ಹಡಗುಗಳ ಚಿತ್ರವೂ ಇದಕ್ಕಿಂತ ಬೇರೆಯಾಗಿರಲಿಲ್ಲ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಕೆಂಪು ಸಮುದ್ರದಲ್ಲಿ ಉಗಿಹಡಗುಗಳ ಓಡಾಟ ಹೆಚ್ಚಿತು. 1877ರಲ್ಲಿ ಮುಂಬೈಯಲ್ಲಿ ಆರಂಭವಾದ ಬಾಂಬೆ ಅಂಡ್ ಪರ್ಶಿಯಾ ಸ್ಟೀಮ್ ನ್ಯಾವಿಗೇಷನ್ ಕಂಪೆನಿ, ಮುಂದೆ ಮೊಗಲ್ ಲೈನ್ ಎಂಬ ಹೆಸರಿನಲ್ಲಿ ಲಕ್ಷಾಂತರ ಹಾಜಿಗಳನ್ನು ಹೊತ್ತು ಸಾಗಿಸಿತು. ಡೆಕ್ಕಿನ ಟಿಕೇಟು ಕೊಂಡ ಬಡ ಹಾಜಿ ಮನೆಯಿಂದಲೇ ಅಕ್ಕಿ, ಬೇಳೆ, ತುಪ್ಪ, ಸೌದೆ, ಪಾತ್ರೆಗಳನ್ನು ತರಬೇಕಿತ್ತು. ತಾನು ಮಲಗುವ ಚಾಪೆಯ ಪಕ್ಕದಲ್ಲಿಯೇ ಅವನ್ನೆಲ್ಲ ಇಟ್ಟುಕೊಳ್ಳಬೇಕಿತ್ತು. ಕಾಲರಾ ಭಯದಿಂದ 1882ರಿಂದ ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ಹಾಜಿಗಳನ್ನು ಇಳಿಸಿ ದಿನಗಟ್ಟಲೆ ತಡೆದು ನಿಲ್ಲಿಸುವ ಪದ್ಧತಿ ಬಂತು. ಆ ದಿನಗಳಿಗೂ ಸಾಕಾಗುವಷ್ಟು ಬುತ್ತಿ ಇರಬೇಕು. ಹೋಗುವಾಗಲೇ ಅರ್ಧ ಮುಗಿದರೆ ಬರುವಾಗ ಏನು?

ನಮ್ಮ ಊರುಗಳಲ್ಲಿ ಹಡಗಿನಲ್ಲಿ ಹಜ್ ಮಾಡಿ ಬಂದ ಹಿರಿಯರು ಈಗ ಬೆರಳೆಣಿಕೆಯಷ್ಟು ಮಾತ್ರ. ಅವರ ಮಾತುಗಳಲ್ಲಿ ಕಅಬಾದ ಮೊದಲ ದರ್ಶನ ಎಷ್ಟು ಬರುತ್ತದೋ ಬುತ್ತಿಯ ಗಂಟೂ ಅಷ್ಟೇ ಬರುತ್ತದೆ. ಹೊರಡುವ ತಿಂಗಳ ಮೊದಲೇ ಮನೆಯಲ್ಲಿ ಅಡುಗೆ ಆರಂಭವಾಗುತ್ತಿತ್ತು. ಉತ್ತರ ಕರ್ನಾಟಕದವರಾದರೆ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ. ಮೈಸೂರು ಕಡೆಯವರಾದರೆ ಹುರಿಹಿಟ್ಟು, ಉಪ್ಪಿನಕಾಯಿ. ಕರಾವಳಿಯವರಾದರೆ ಒಣಮೀನು, ತೆಂಗಿನೆಣ್ಣೆ. ಊರಿಗೆ ಊರೇ ಬಂದು ಹೇಳಿದ್ದು ಕೇಳಿದ್ದಕ್ಕೆ ಮಾಫಿ ಕೇಳಿ, ಕೊಟ್ಟು, ರೈಲು ಹತ್ತಿಸುತ್ತಿತ್ತು. ಮುಂಬೈಯಲ್ಲಿ ಸಾಬೂ ಸಿದ್ದೀಕ್ ಮುಸಾಫಿರ್‌ಖಾನೆಯಂತಹ ಛತ್ರಗಳಲ್ಲಿ ಹಡಗಿಗಾಗಿ ಕಾಯುವುದು. ಟ್ರಂಕಿನ ತಳದಲ್ಲಿ ಕಫನ್ ಬಟ್ಟೆ, ಅದರ ಮೇಲೆ ರೊಟ್ಟಿಯ ಗಂಟು. ಸಾವಿಗೂ ಬದುಕಿಗೂ ಬೇಕಾದದ್ದನ್ನು ಒಂದೇ ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಟ ಜನ ಅವರು.

ಹರಾಮು ಹಲಾಲು, ಮಡಿ ಮೈಲಿಗೆ

ಆಗ ಉಳ್ಳವರಿಗೂ ಹಡಗಿನ ಊಟ ಸುಲಭವಾಗಿರಲಿಲ್ಲ. ಅವರ ತೊಡಕು ಹೊಟ್ಟೆಯದಲ್ಲ, ಧರ್ಮದ್ದು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎಂಬ ಹಿಂದೂ ನಂಬಿಕೆಯ ಒಳಗೆ ದೊಡ್ಡ ಪಾಲು ಊಟದ ಭಯವೇ ಆಗಿತ್ತು. ಯಾರು ಬೇಯಿಸಿದ್ದು, ಯಾವ ಪಾತ್ರೆ, ಯಾವ ನೀರು? ಜೈಪುರದ ಮಹಾರಾಜ ಎರಡನೆಯ ಮಾಧೋಸಿಂಗ್ 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಹೊರಟಾಗ ಒಲಿಂಪಿಯಾ ಎಂಬ ಹಡಗನ್ನೇ ಗೊತ್ತು ಮಾಡಿಕೊಂಡರು. ತಲಾ 4,000 ಲೀಟರಿಗೂ ಮಿಕ್ಕಿ ಹಿಡಿಯುವ ಬೆಳ್ಳಿಯ ಹಂಡೆಗಳಲ್ಲಿ ಗಂಗಾಜಲ ತುಂಬಿಸಿಕೊಂಡು ಹೋದರು. ಆ ಹಂಡೆಗಳು ಇಂದಿಗೂ ಜೈಪುರದ ಅರಮನೆಯಲ್ಲಿ ನೋಡಲು ಸಿಗುತ್ತವೆ.

ಮಹಾರಾಜನಲ್ಲದ ಹುಡುಗ ಏನು ಮಾಡಬೇಕು? 1888ರ ಸೆಪ್ಟೆಂಬರ್ 4ರಂದು ಮುಂಬೈಯಿಂದ ಕ್ಲೈಡ್ ಎಂಬ ಹಡಗು ಹತ್ತಿದ ಮೋಹನದಾಸ್ ಗಾಂಧಿಗೆ ಆಗ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದರು. ಮೇಜಿನ ಮೇಲೆ ಬಂದದ್ದರಲ್ಲಿ ಯಾವುದು ಮಾಂಸ, ಯಾವುದು ಅಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಲು ನಾಚಿಕೆ. ಚಮಚ ಫೋರ್ಕು ಹಿಡಿಯುವ ಅಭ್ಯಾಸವೂ ಇಲ್ಲ. ಆದ್ದರಿಂದ ಊಟದ ಮೇಜಿಗೆ ಹೋಗದೆ ಕ್ಯಾಬಿನ್ನಿನಲ್ಲೇ ಕುಳಿತು ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳನ್ನೇ ಮುಖ್ಯವಾಗಿ ತಿಂದುಕೊಂಡಿದ್ದುದಾಗಿ ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಊಟದ ದುಡ್ಡು ಟಿಕೇಟಿನಲ್ಲೇ ಸೇರಿತ್ತು. ಮೆನು ಬಹಳ ದೊಡ್ಡದಿತ್ತು. ಆದರೂ ಆ ಹುಡುಗನ ಕೈ ಹೋದದ್ದು ಮನೆಯ ಡಬ್ಬಕ್ಕೆ.

ಮುಸ್ಲಿಮರ ಪ್ರಶ್ನೆ ಇನ್ನೊಂದು ರೀತಿಯದು. ಕ್ರೈಸ್ತರ ಕೈಯಡುಗೆ ತಿನ್ನಬಹುದೇ, ಅವರ ಮೇಜಿನಲ್ಲಿ ಕುಳಿತುಕೊಳ್ಳಬಹುದೇ ಎಂಬ ಬಗ್ಗೆ ಸರ್ ಸೈಯದ್ ಅಹ್ಮದ್ ಖಾನ್ 1868ರಲ್ಲಿ ಒಂದು ಪುಸ್ತಿಕೆಯನ್ನೇ ಬರೆದರು. ಗ್ರಂಥದವರಾದ ಅಹ್ಲೆ ಕಿತಾಬ್ ಜನರೊಂದಿಗೆ ಕುಳಿತು ಅನುಮತಿಯಿರುವ ಆಹಾರ ಸೇವಿಸುವುದರಲ್ಲಿ ತಪ್ಪಿಲ್ಲ ಎಂಬುದು ಅವರ ವಾದ. ಅದಕ್ಕಾಗಿ ಬೈಗುಳಗಳನ್ನೂ ತಿಂದರು. ಅದರ ಮರುವರ್ಷ, 1869ರ ಏಪ್ರಿಲ್‌ನಲ್ಲಿ, ಮಕ್ಕಳಾದ ಹಾಮಿದ್ ಮತ್ತು ಮಹಮೂದ್ ಜೊತೆ ಮುಂಬೈಯಲ್ಲಿ ಬರೋಡಾ ಎಂಬ ಹಡಗು ಹತ್ತಿ ಇಂಗ್ಲೆಂಡಿಗೆ ಹೊರಟರು. ಅವರ ಮಟ್ಟಿಗೆ ಹಡಗಿನ ಊಟದ ಮೇಜು ಬರಿಯ ಊಟದ ಮೇಜಾಗಿರಲಿಲ್ಲ. ಹೊಸ ಲೋಕದೊಂದಿಗೆ ಮಾತಾಡಲು ನಾವು ಅಲ್ಲಿ ಕುಳಿತುಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆಯಾಗಿತ್ತು.

ಗಾಂಧಿ ಮತ್ತು ಸರ್ ಸೈಯದ್, ಇಬ್ಬರಲ್ಲಿ ಯಾರು ಸರಿ ಎಂದು ಕೇಳುವುದು ವ್ಯರ್ಥ. ಇಬ್ಬರ ಎದುರಿಗಿದ್ದ ತಟ್ಟೆ ಒಂದೇ. ಆ ತಟ್ಟೆಯನ್ನು ಸಿದ್ಧಪಡಿಸಿದವರಿಗೆ ಇವರ ಮನೆಯ ಕಲ್ಪನೆ ಇರಲಿಲ್ಲ, ಅಷ್ಟೆ.

ಟೈಟಾನಿಕ್‌ನ ಮೂರು ಪಟ್ಟಿಗಳು

ಇಪ್ಪತ್ತನೆಯ ಶತಮಾನ ಕಾಲಿಡುವ ಹೊತ್ತಿಗೆ ಹಡಗು ಕಂಪೆನಿಗಳ ನಡುವೆ ಪೈಪೋಟಿ ಹುಟ್ಟಿತು. ಮೂರನೆಯ ದರ್ಜೆಯ ವಲಸಿಗನಿಗೂ ಬಿಸಿ ಊಟ ಬಡಿಸಬೇಕಾಯಿತು. 1912ರ ಏಪ್ರಿಲ್ 14, ಟೈಟಾನಿಕ್ ಹಡಗಿನ ಕೊನೆಯ ಪೂರ್ತಿ ದಿನ. ಅಂದಿನ ಊಟದ ಪಟ್ಟಿಗಳು ಉಳಿದು ಬಂದಿವೆ.

ಮೊದಲ ದರ್ಜೆಯವರ ಮಧ್ಯಾಹ್ನದ ಪಟ್ಟಿಯಲ್ಲಿ ಸಿಗಡಿ, ತಣ್ಣನೆಯ ಮಾಂಸದ ಬಗೆಗಳು ಇದ್ದುವು ನಿಜ. ಆದರೆ ಅದೇ ಪಟ್ಟಿಯಲ್ಲಿ ಸ್ಕಾಟ್ಲೆಂಡಿನ ಮನೆಮನೆಯ ಕೋಳಿ ಸೂಪು, ಉಪ್ಪು ಹಾಕಿಟ್ಟ ಮಾಂಸದೊಂದಿಗೆ ಬೇಯಿಸಿದ ಹಿಟ್ಟಿನ ಉಂಡೆ, ಸಿಪ್ಪೆ ಸಮೇತ ಸುಟ್ಟ ಆಲೂಗಡ್ಡೆ, ಕಸ್ಟರ್ಡ್ ಪುಡ್ಡಿಂಗ್ ಕೂಡ ಇದ್ದವು. ಕೋಟ್ಯಧಿಪತಿಗೂ ಅಜ್ಜಿಯ ಅಡುಗೆ ಬೇಕಿತ್ತು. ಮೂರನೆಯ ದರ್ಜೆಯವರಿಗೆ ಬೆಳಿಗ್ಗೆ ಓಟ್ಸ್ ಗಂಜಿ, ಹೊಗೆಯಾಡಿಸಿದ ಮೀನು. ಮಧ್ಯಾಹ್ನ ಅಕ್ಕಿಯ ಸೂಪು, ಹುರಿದ ದನದ ಮಾಂಸ, ಬೇಯಿಸಿದ ಆಲೂಗಡ್ಡೆ, ಪ್ಲಮ್ ಪುಡ್ಡಿಂಗ್. ರಾತ್ರಿ ಮಲಗುವ ಮುಂಚೆ ಅಂಬಲಿ, ಬಿಸ್ಕತ್ತು, ಚೀಸ್. ಐರ್ಲೆಂಡಿನ, ಸ್ವೀಡನ್ನಿನ, ಸಿರಿಯಾದ ಬಡ ರೈತರಲ್ಲಿ ಹಲವರಿಗೆ ಇದು ತಮ್ಮ ಮನೆಯ ಊಟಕ್ಕಿಂತ ಎಷ್ಟೋ ಮೇಲು.

ನಮ್ಮ ಕಣ್ಣು ನಿಲ್ಲುವುದು ಎರಡನೆಯ ದರ್ಜೆಯವರ ರಾತ್ರಿಯೂಟದ ಮೇಲೆ. ಅದರಲ್ಲಿ ಮೀನಿನ ನಂತರ, ಕುರಿಮರಿ ಮಾಂಸಕ್ಕಿಂತ ಮೊದಲು ಬರುವುದು ಕೋಳಿ ಕರಿ ಮತ್ತು ಅನ್ನ. ಮುಳುಗುವ ಕೆಲವೇ ಗಂಟೆಗಳ ಮೊದಲು ಉತ್ತರ ಅಟ್ಲಾಂಟಿಕ್ಕಿನ ಕೊರೆಯುವ ಚಳಿಯಲ್ಲಿ ಇಂಗ್ಲಿಷ್ ಮೇಷ್ಟ್ರುಗಳು, ಪಾದ್ರಿಗಳು, ಅಂಗಡಿಯವರು ಕೋಳಿ ಸಾರು ಅನ್ನ ತಿಂದರು! ಅಷ್ಟು ಹೊತ್ತಿಗೆ ಅದು ಅವರ ಪಾಲಿಗೆ ಪರದೇಶದ ತಿನಿಸಾಗಿ ಉಳಿದಿರಲಿಲ್ಲ. ಅವರ ಮನೆಯದೇ ಆಗಿತ್ತು.

ಇನ್ನೊಂದು ಸಂಗತಿಯೂ ಗಮನಾರ್ಹ. ಈ ಹಡಗಿನಲ್ಲಿ ಯಹೂದಿ ಪ್ರಯಾಣಿಕರಿಗಾಗಿ ಅವರ ಧರ್ಮಕ್ಕೊಪ್ಪುವ ಕೋಷರ್ ಅಡುಗೆಯ ಏರ್ಪಾಡಿತ್ತು, ಅದಕ್ಕೆಂದೇ ಬೇರೆ ಅಡುಗೆಯವನೂ ಬೇರೆ ಪಾತ್ರೆಗಳೂ ಇದ್ದವು. ಕಂಪೆನಿಗೆ ಧರ್ಮದ ಮೇಲೆ ಪ್ರೀತಿ ಉಕ್ಕಿತ್ತು ಎಂದಲ್ಲ. ಪೂರ್ವ ಯುರೋಪಿನಿಂದ ಓಡಿಬರುತ್ತಿದ್ದ ಲಕ್ಷಾಂತರ ಬಡ ಯಹೂದಿಗಳು ಅವರ ಗಿರಾಕಿಗಳಾಗಿದ್ದರು. ಸಂಖ್ಯೆ ಇದ್ದಲ್ಲಿ ಮನೆಯ ಊಟ ಹಿಂಬಾಲಿಸಿ ಬರುತ್ತದೆ. ಹಾಗಾದರೆ ಹಜ್ ಹಡಗಿನ ಡೆಕ್ಕಿನಲ್ಲಿದ್ದವರ ಸಂಖ್ಯೆ ಕಡಿಮೆಯಿತ್ತೇ? ಅವರಿಗೆ ಬೇರೆ ದಾರಿಯಿರಲಿಲ್ಲ, ಅವರು ಹೇಗೂ ಬರುವವರೇ ಎಂಬುದು ಹಡಗಿನವರಿಗೆ ಗೊತ್ತಿತ್ತು. ಮುಂದಿನ ದಶಕಗಳಲ್ಲಿ ಹಜ್ ಹಡಗುಗಳಲ್ಲೂ ಟಿಕೇಟಿನ ಜೊತೆಗೆ ಊಟ ಸೇರಿಕೊಂಡಿತು. ಆದರೂ ಮನೆಯವರು ಗಂಟು ಕಟ್ಟುವುದನ್ನು ಬಿಡಲಿಲ್ಲ.

ಭಂಡಾರಿಯ ಒಲೆ

ಟೈಟಾನಿಕ್ಕಿನ ಮೇಜಿಗೆ ಕರಿ ಬಂದದ್ದು ಹೇಗೆ? ಅದರ ದಾರಿ ಪೂರ್ವದಿಂದ ಬಂದದ್ದು. 1837ರಲ್ಲಿ ಆರಂಭವಾಗಿ 1840ರಲ್ಲಿ ಪೂರ್ವ ದೇಶಗಳ ಕಡೆಗೂ ಚಾಚಿಕೊಂಡ ಪಿ ಅಂಡ್ ಓ ಕಂಪೆನಿಯ ಹಡಗುಗಳಲ್ಲಿ ಕರಿ ಮತ್ತು ಅನ್ನ ನಿತ್ಯದ ಊಟವಾಗಿತ್ತು. ಭಾರತದಲ್ಲಿ ಇಪ್ಪತ್ತು ಮೂವತ್ತು ವರ್ಷ ನೌಕರಿ ಮಾಡಿ ಹಿಂದಿರುಗುತ್ತಿದ್ದ ಇಂಗ್ಲಿಷ್ ಅಧಿಕಾರಿಗಳಿಗೆ ಅದೇ ಮನೆಯೂಟ. ಅದನ್ನು ಬೇಯಿಸಿ ಬಡಿಸುತ್ತಿದ್ದವರು ಹೆಚ್ಚಾಗಿ ಗೋವಾದವರು. ಗೋವಾದ ಕ್ರೈಸ್ತರಿಗೆ ದನದ ಮಾಂಸ, ಹಂದಿಮಾಂಸ, ಮದ್ಯ ಮುಟ್ಟಲು ಅಡ್ಡಿಯಿಲ್ಲವಾದ್ದರಿಂದ ಊಟದ ವಿಭಾಗ ಅವರ ಪಾಲಾಯಿತು. ಡೆಕ್ಕಿನ ಕೆಲಸಕ್ಕೆ ಗುಜರಾತ್, ರತ್ನಾಗಿರಿ ಕಡೆಯ ಖಲಾಸಿಗಳು. ಕೆಳಗೆ ಇಂಜಿನ್ ಮನೆಯಲ್ಲಿ ಕಲ್ಲಿದ್ದಲು ಸುರಿಯಲು ಪಂಜಾಬಿ, ಪಠಾಣ, ಸಿಲ್ಹೆಟ್ಟಿನ ಮುಸ್ಲಿಮರು. ಇವರನ್ನೆಲ್ಲ ಇಂಗ್ಲಿಷರು ಲಷ್ಕರುಗಳು ಎಂದು ಕರೆದರು. 1914ರ ಹೊತ್ತಿಗೆ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ಇಂಥವರ ಸಂಖ್ಯೆ 50,000 ದಾಟಿತ್ತು. ಬಿಳಿಯ ನಾವಿಕನಿಗೆ ಸಿಗುತ್ತಿದ್ದುದರ ಸಣ್ಣ ಪಾಲು ಮಾತ್ರ ಇವರ ಸಂಬಳ. 1939ರಲ್ಲಿ ಯುದ್ಧ ಶುರುವಾದಾಗ ಇವರು ಬಂದರು ಬಂದರುಗಳಲ್ಲಿ ಮುಷ್ಕರ ಹೂಡಿದ್ದು ಇದೇ ಕಾರಣಕ್ಕೆ.

ಲಷ್ಕರುಗಳಿಗೆ ಸಂಬಳ ಕಡಿಮೆಯಾದರೂ ಒಂದು ವಿಷಯದಲ್ಲಿ ಅವರು ಗಟ್ಟಿಯಾಗಿ ನಿಂತಿದ್ದರು. ಅದು ಊಟ. ಬಿಳಿಯರ ಅಡುಗೆಮನೆಯಿಂದ ಬಂದದ್ದನ್ನು ಅವರು ತಿನ್ನುತ್ತಿರಲಿಲ್ಲ. ಅವರಿಗೆ ಅವರದೇ ಅಡುಗೆಯವನು ಬೇಕು, ಅವನ ಹೆಸರೇ ಭಂಡಾರಿ. ಡೆಕ್ಕಿನವರಿಗೆ ಒಬ್ಬ, ಇಂಜಿನ್ನಿನವರಿಗೆ ಒಬ್ಬ. ಕರಾರಿನಲ್ಲಿ ಅಕ್ಕಿ, ಬೇಳೆ, ತುಪ್ಪ, ಒಣಮೀನು, ಮಸಾಲೆ ಸಾಮಾನುಗಳ ಲೆಕ್ಕವೂ ಇರುತ್ತಿತ್ತು. ಸಾರಂಗನೆಂದರೆ ಅವರ ಮೇಸ್ತ್ರಿ, ಅವನ ಕೆಳಗೆ ತಾಂಡೇಲ. ನಮ್ಮ ಕರಾವಳಿಯಲ್ಲಿ ಮೀನುಗಾರಿಕೆಯ ದೋಣಿ ನಡೆಸುವವನನ್ನು ಇಂದಿಗೂ ತಾಂಡೇಲ ಎಂದೇ ಕರೆಯುತ್ತಾರೆ. ಹಡಗಿನ ಈ ಭಾಷೆ ನಮಗೆ ಹೊರಗಿನದಲ್ಲ.

ಭಂಡಾರಿಯ ಒಲೆ ಹಡಗಿನಲ್ಲಷ್ಟೇ ಉಳಿಯಲಿಲ್ಲ. ಹೊಡೆತ ಬಡಿತ ಸಹಿಸಲಾಗದೆ ಲಂಡನ್ನಿನಲ್ಲಿ ಹಡಗು ಬಿಟ್ಟು ಇಳಿದುಹೋದ ಸಿಲ್ಹೆಟ್ಟಿನ ಖಲಾಸಿಗಳು ಅಲ್ಲಿನ ಬೀದಿಗಳಲ್ಲಿ ಸಣ್ಣ ಸಣ್ಣ ಊಟದ ಮನೆಗಳನ್ನು ತೆರೆದರು. ಮೊದಲಿಗೆ ತಮ್ಮಂತೆಯೇ ಇಳಿದು ಬಂದವರಿಗೆ ಅನ್ನ ಸಾರು ಹಾಕಲು, ಆಮೇಲೆ ಇಂಗ್ಲಿಷರಿಗೂ. ಇಂದು ಬ್ರಿಟನ್ನಿನಲ್ಲಿ ಇಂಡಿಯನ್ ರೆಸ್ಟೋರೆಂಟ್ ಎಂಬ ಹಲಗೆ ಹಾಕಿಕೊಂಡ ಬಹಳಷ್ಟು ಹೋಟೆಲುಗಳ ಮೂಲ ಇಲ್ಲಿದೆ. 2015ರಲ್ಲಿ ಪಿ ಅಂಡ್ ಓ ಕಂಪೆನಿಯ ಹೊಸ ವಿಹಾರ ಹಡಗು ಬ್ರಿಟಾನಿಯಾ ಕಡಲಿಗಿಳಿದಾಗ ಅದರಲ್ಲಿ ಅತುಲ್ ಕೋಚರ್ ಎಂಬ ಪ್ರಸಿದ್ಧ ಬಾಣಸಿಗರ ಹೆಸರಿನೊಂದಿಗೆ ಸಿಂಧು ಎಂಬ ಭಾರತೀಯ ಊಟದ ಮನೆಯಿತ್ತು. ಅಲ್ಲಿ ಉಣ್ಣಲು ಬೇರೆ ಹಣ ಕೊಡಬೇಕು. ಒಂದು ಕಾಲಕ್ಕೆ ಹಡಗಿನ ಹಿಂಬದಿಯ ಮೂಲೆಯಲ್ಲಿ ಹೆಸರಿಲ್ಲದ ಭಂಡಾರಿ ಕುದಿಸುತ್ತಿದ್ದ ಸಾರಿಗೆ ಈಗ ದುಬಾರಿ ಬೆಲೆ.

ಸಾಗಿಸುವ ಹಡಗು, ವಿಹರಿಸುವ ಹಡಗು

ಊರಿನಿಂದ ಊರಿಗೆ ಹೋಗಲು ಅಲ್ಲದೆ, ಸುತ್ತಾಡಿ ಬರಲೆಂದೇ ಹಡಗು ಹತ್ತುವ ಪದ್ಧತಿ ಹೊಸದು. ಹ್ಯಾಂಬರ್ಗಿನ ಆಲ್ಬರ್ಟ್ ಬಾಲಿನ್ ಎಂಬ ಹಡಗು ವ್ಯಾಪಾರಿ ಚಳಿಗಾಲದಲ್ಲಿ ಖಾಲಿ ನಿಲ್ಲುತ್ತಿದ್ದ ತನ್ನ ಆಗಸ್ಟಾ ವಿಕ್ಟೋರಿಯಾ ಹಡಗಿನಲ್ಲಿ 1891ರ ಜನವರಿಯಲ್ಲಿ 241 ಮಂದಿಯನ್ನು ಮೆಡಿಟರೇನಿಯನ್ ಸುತ್ತಿಸಿ ತಂದ. ಆಧುನಿಕ ವಿಹಾರಯಾನದ ಆರಂಭ ಇದೆಂದು ಹೇಳುವವರಿದ್ದಾರೆ. 1924ರಲ್ಲಿ ಅಮೆರಿಕ ತನ್ನ ಬಾಗಿಲನ್ನು ವಲಸಿಗರಿಗೆ ಬಹುಪಾಲು ಮುಚ್ಚಿತು. ಮೂರನೆಯ ದರ್ಜೆ ಖಾಲಿಯಾಯಿತು, ಕಂಪೆನಿಗಳು ಅಲ್ಲಿ ಪ್ರವಾಸಿಗರನ್ನು ತುಂಬಿಸಲು ಹೊರಟವು. 1958ರಲ್ಲಿ ಅಟ್ಲಾಂಟಿಕ್ ದಾಟುವ ಜೆಟ್ ವಿಮಾನಗಳು ಬಂದ ಮೇಲೆ ಸಾಗಿಸುವ ಹಡಗಿನ ಆಯುಸ್ಸು ಮುಗಿಯಿತು. 1972ರಲ್ಲಿ ಕಾರ್ನಿವಲ್ ಕಂಪೆನಿ ಹಳೆಯ ಅಟ್ಲಾಂಟಿಕ್ ಹಡಗೊಂದಕ್ಕೆ ಮಾರ್ಡಿ ಗ್ರಾ ಎಂದು ಹೆಸರಿಟ್ಟು ಮಯಾಮಿಯಿಂದ ಹೊರಡಿಸಿತು. ಮೊದಲ ಯಾನದಲ್ಲಿಯೇ ಅದು ಬಂದರಿನ ಹೊರಗೆ ಮರಳಿನಲ್ಲಿ ಸಿಕ್ಕಿಕೊಂಡಿತು! ಆದರೆ ವ್ಯಾಪಾರ ಸಿಕ್ಕಿಕೊಳ್ಳಲಿಲ್ಲ. ಶ್ರೀಮಂತರಲ್ಲದ ಸಾಧಾರಣ ಅಮೆರಿಕನ್ ಕುಟುಂಬಗಳು ಹಡಗಿಗೆ ಬರತೊಡಗಿದವು.

ಈ ಹೊಸ ಗಿರಾಕಿಗೆ ಫ್ರೆಂಚ್ ಹೆಸರುಗಳು ಒಂದು ದಿನ ಚೆಂದ, ಎರಡು ದಿನ ಚೆಂದ. ಮೂರನೆಯ ದಿನ ಅವನಿಗೆ ಅಮ್ಮನ ಮೀಟ್‌ಲೋಫ್ ನೆನಪಾಗುತ್ತದೆ. ಇಂಥ ಊಟಕ್ಕೆ ಕಂಫರ್ಟ್ ಫುಡ್ ಎಂಬ ಹೆಸರು ಅಮೆರಿಕದ ಪತ್ರಿಕೆಗಳಲ್ಲಿ ಬಳಕೆಗೆ ಬಂದದ್ದು 1960ರ ದಶಕದಲ್ಲಿ. ಮನಸ್ಸಿಗೆ ಸಮಾಧಾನ ಕೊಡುವ ಊಟ ಎಂದು ಅದರ ಅರ್ಥ. ಕ್ರಮೇಣ ಅದೇ ಹಡಗಿನ ಪಟ್ಟಿಯಲ್ಲಿ ಒಂದು ವಿಭಾಗವಾಯಿತು. ಡಚ್ ಮೂಲದ, 1873ರಲ್ಲಿ ಹುಟ್ಟಿದ ಹಾಲೆಂಡ್ ಅಮೆರಿಕ ಕಂಪೆನಿಯ ಹಡಗುಗಳು ಅಲಾಸ್ಕದ ಹಿಮನದಿಗಳ ಮುಂದೆ ನಿಂತಾಗ ಡೆಕ್ಕಿನ ಮೇಲೆ ನಡುಗುತ್ತ ನಿಂತವರಿಗೆ ಹಾಲೆಂಡಿನ ರೈತರ ಬಟಾಣಿ ಸೂಪನ್ನು ಹಂಚುವ ವಾಡಿಕೆಯಿದೆ.

ಇಲ್ಲಿ ಒಂದು ಮಾತು ಹೇಳಬೇಕು. ಸಮಾಧಾನದ ಊಟ ಎಂದು ಇಂದು ಕರೆಸಿಕೊಳ್ಳುವುದೆಲ್ಲ ಒಂದು ಕಾಲದ ಬಡವರ ಊಟ. ಅಗ್ಗದ ಗಟ್ಟಿ ಮಾಂಸವನ್ನು ಮೆತ್ತಗಾಗಿಸಲು ಗಂಟೆಗಟ್ಟಲೆ ಬೇಯಿಸಬೇಕಿತ್ತು. ಸ್ವಲ್ಪ ಖೀಮಾವನ್ನು ಹೆಚ್ಚು ಜನರಿಗೆ ಸಾಲಿಸಲು ಬ್ರೆಡ್ಡಿನ ಪುಡಿ ಬೆರೆಸಬೇಕಿತ್ತು. ಒಣಗಿದ ಬ್ರೆಡ್ಡನ್ನು ಎಸೆಯಲಾಗದೆ ಪುಡ್ಡಿಂಗ್ ಮಾಡಬೇಕಿತ್ತು. ಇವೆಲ್ಲ ಕೈ ಬಿಗಿಯಿದ್ದ ಮನೆಗಳ ಹೆಂಗಸರು ಕಂಡುಕೊಂಡ ಉಪಾಯಗಳು. ನಮ್ಮ ಮನೆಗಳ ಖಿಚಡಿ, ದಾಲ್ಚಾ, ತಂಗಳನ್ನದ ಒಗ್ಗರಣೆ ಕೂಡ ಹೀಗೆಯೇ ಹುಟ್ಟಿದವು. ಬಡತನ ಹೋದ ಮೇಲೆ ರುಚಿ ಮಾತ್ರ ಉಳಿಯಿತು. ಪಟ್ಟಿಯಲ್ಲಿ ಅಡುಗೆಯ ಹೆಸರಿರುತ್ತದೆ, ಅದನ್ನು ಕಂಡುಹಿಡಿದ ತಾಯಂದಿರ ಹೆಸರಿರುವುದಿಲ್ಲ.

ನೀರಿನ ಮಟ್ಟದ ಕೆಳಗೆ

ಕರಾವಳಿಯ ನಮ್ಮ ಪರಿಚಯದ ಯುವಕನೊಬ್ಬ ಇಂಥ ಹಡಗೊಂದರ ಅಡುಗೆಮನೆಯಲ್ಲಿ ಏಳು ವರ್ಷ ದುಡಿದು ಬಂದಿದ್ದಾನೆ. ಗೋವಾ, ಮಂಗಳೂರು, ಮುಂಬೈಗಳಿಂದ ಹೀಗೆ ಹೋಗುವವರು ಬಹಳ ಮಂದಿ. ಎಂಟು ತಿಂಗಳು ಹಡಗಿನಲ್ಲಿ, ಎರಡು ತಿಂಗಳು ಮನೆಯಲ್ಲಿ. ವಾರಕ್ಕೊಂದು ರಜೆ ಎಂಬುದಿಲ್ಲ. "ಮೇಲೆ ಅವರಿಗೆ ಅವರ ಮನೆ ಊಟ ಮಾಡಿ ಹಾಕ್ತೇವೆ ಸರ್, ರಾತ್ರಿ ಕೆಲಸ ಮುಗಿಯುವಾಗ ನಮಗೆ ಕುಚ್ಚಲಕ್ಕಿ ಗಂಜಿ ನೆನಪಾಗ್ತದೆ" ಎಂದು ಅವನು ಹೇಳಿದ್ದು ಮರೆಯಲಾಗದು. ಕೆಲಸಗಾರರ ಊಟದ ಕೋಣೆ ಹಡಗಿನ ಕೆಳಗಿನ ಅಂತಸ್ತಿನಲ್ಲಿ. ಅಲ್ಲಿ ದಿನವೂ ಅನ್ನ ಇರುತ್ತದೆ, ಏಕೆಂದರೆ ಫಿಲಿಪೈನ್ಸ್, ಇಂಡೋನೇಷ್ಯಾ, ಭಾರತದವರೇ ಹೆಚ್ಚು. ಊರಿನಿಂದ ಬರುವಾಗ ಪ್ರತಿಯೊಬ್ಬರ ಪೆಟ್ಟಿಗೆಯಲ್ಲೂ ಉಪ್ಪಿನಕಾಯಿ ಬಾಟಲಿ. ರಮಝಾನಿನಲ್ಲಿ ಇಂಡೋನೇಷ್ಯಾದ ಗೆಳೆಯರೊಂದಿಗೆ ಬೆಳಗಿನ ಜಾವ ಅನ್ನ, ಮೊಟ್ಟೆ, ಖಾರದ ಸಂಬಲ್ ತಿಂದು ಸಹರಿ ಮುಗಿಸಿ, ಬೆಳಿಗ್ಗೆ ಆರು ಗಂಟೆಗೆ ಪ್ರಯಾಣಿಕರ ತಿಂಡಿಯ ಕೆಲಸಕ್ಕೆ ನಿಲ್ಲುತ್ತಿದ್ದನಂತೆ. ಹಿಂದಿನ ಭಂಡಾರಿಯ ಒಲೆ ಹೀಗೆ ಇನ್ನೊಂದು ರೂಪದಲ್ಲಿ ಉರಿಯುತ್ತಿದೆ.

ಇದು ದಯೆಯ ಮಾತಾಗಿ ಉಳಿದಿಲ್ಲ, ಹಕ್ಕಿನ ಮಾತಾಗಿದೆ. 2006ರ ಅಂತಾರಾಷ್ಟ್ರೀಯ ಸಾಗರ ಕಾರ್ಮಿಕ ಒಪ್ಪಂದವು 2013ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಭಾರತ ಅದನ್ನು 2015ರಲ್ಲಿ ಅಂಗೀಕರಿಸಿತು. ಹಡಗಿನ ಕೆಲಸಗಾರರಿಗೆ ಉಚಿತವಾಗಿ, ಸಾಕಷ್ಟು, ಒಳ್ಳೆಯ ಊಟ ಕೊಡಬೇಕು, ಆ ಊಟ ಅವರ ಧರ್ಮ ಮತ್ತು ಸಂಸ್ಕೃತಿಯ ಆಚಾರಗಳನ್ನು ಗಮನಿಸಿದ್ದಾಗಿರಬೇಕು ಎಂದು ಅದು ಹೇಳುತ್ತದೆ. ಲಷ್ಕರುಗಳು ನೂರಾರು ವರ್ಷ ಹಟ ಹಿಡಿದು ಉಳಿಸಿಕೊಂಡದ್ದನ್ನು ಕೊನೆಗೂ ಕಾನೂನು ಒಪ್ಪಿಕೊಂಡಿತು.

ಆದರೆ ಕಷ್ಟ ಬಂದಾಗ ಯಾರ ಜೀವಕ್ಕೆ ಬೆಲೆ ಎಷ್ಟು ಎಂಬುದು ತಿಳಿಯುತ್ತದೆ. 2020ರ ಫೆಬ್ರುವರಿಯಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಕೊರೊನಾ ಕಾರಣಕ್ಕೆ ಜಪಾನಿನ ಯೊಕೊಹಾಮಾದಲ್ಲಿ ತಡೆದು ನಿಲ್ಲಿಸಿದಾಗ ಅದರಲ್ಲಿ 3,711 ಜನರಿದ್ದರು. ಭಾರತೀಯರು 138, ಅವರಲ್ಲಿ 132 ಮಂದಿ ಕೆಲಸಗಾರರು. ಪ್ರಯಾಣಿಕರಿಗೆ ಕೋಣೆ ಬಿಟ್ಟು ಹೊರಬರಬೇಡಿ ಎಂದು ಆಜ್ಞೆಯಾಯಿತು. ಅವರ ಬಾಗಿಲಿಗೆ ಮೂರು ಹೊತ್ತು ಊಟ ತಲುಪಿಸಿದವರು ಯಾರು? ಅಡುಗೆ ಮಾಡಿದವರು ಯಾರು? ಕೆಲಸಗಾರರು ಒಂದೇ ಕೋಣೆಯಲ್ಲಿ ಇಬ್ಬಿಬ್ಬರು ಮಲಗಿ, ಒಟ್ಟಿಗೆ ಉಂಡು, ಮತ್ತೆ ಮೇಲೆ ಹೋಗಿ ಬಡಿಸಿದರು. ಒಟ್ಟು 700ಕ್ಕೂ ಮಿಕ್ಕಿ ಜನರಿಗೆ ಸೋಂಕು ತಗಲಿತು. ಕಮರಾನ್ ದ್ವೀಪದ ನೆನಪಾಗುವುದಿಲ್ಲವೇ?

ಜಿದ್ದಾದ ಕಟ್ಟೆಯಲ್ಲಿ

ಮುಂಬೈ ಮತ್ತು ಜಿದ್ದಾ ನಡುವಿನ ಹಜ್ ಹಡಗುಗಳು 1995ರಲ್ಲಿ ನಿಂತುಹೋದವು. ಮುಹಮ್ಮದಿ, ಇಸ್ಲಾಮಿ, ಅಕ್ಬರ್, ನೂರ್‌ಜಹಾನ್ ಎಂಬ ಹಡಗುಗಳ ಹೆಸರುಗಳು ಹಿರಿಯರ ನೆನಪಿನಲ್ಲಿ ಉಳಿದಿವೆ. ವಿಮಾನದಲ್ಲಿ ಐದಾರು ಗಂಟೆಯ ದಾರಿ. ಬುತ್ತಿಯ ಅಗತ್ಯವಿಲ್ಲ. ಆದರೂ ಹಾಜಿಗಳ ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಇದ್ದೇ ಇರುತ್ತದೆ.

2021ರ ಸೆಪ್ಟೆಂಬರ್‌ನಲ್ಲಿ ಅದೇ ಮುಂಬೈಯಿಂದ ಕೊರ್ಡೇಲಿಯಾ ಎಂಬ ಕಂಪೆನಿ ಭಾರತೀಯರಿಗಾಗಿಯೇ ವಿಹಾರ ಹಡಗು ಹೊರಡಿಸಿತು. ಅದರಲ್ಲಿ ಜೈನರಿಗೆ ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗೆಣಸಿಲ್ಲದ ಊಟ ಕೂಡ ಸಿಗುತ್ತದೆ. ಇಂದು ಒಬ್ಬ ಗುಜರಾತಿ ಹುಡುಗ ಗಾಂಧಿಯಂತೆ ಕ್ಯಾಬಿನ್ನಿನಲ್ಲಿ ಅವಿತು ಸಿಹಿತಿಂಡಿ ತಿನ್ನಬೇಕಾಗಿಲ್ಲ. 2024ರ ಡಿಸೆಂಬರ್‌ನಲ್ಲಿ ಸೌದಿ ಅರೇಬಿಯಾದ ಅರೋಯಾ ಎಂಬ ವಿಹಾರ ಹಡಗು ತನ್ನ ಮೊದಲ ಯಾನಕ್ಕೆ ಹೊರಟಿತು. ಮದ್ಯವಿಲ್ಲ, ಊಟವೆಲ್ಲ ಹಲಾಲ್. ಅದು ಹೊರಟದ್ದು ಜಿದ್ದಾ ಬಂದರಿನಿಂದ!

ನಮ್ಮ ಹಿರಿಯರು ಕಡಲ ವಾಂತಿಯಿಂದ ಸೊರಗಿ, ಉಳಿದ ರೊಟ್ಟಿಯ ಚೂರುಗಳನ್ನು ಸೆರಗಿಗೆ ಕಟ್ಟಿಕೊಂಡು, ಲಬ್ಬೈಕ್ ಹೇಳುತ್ತ ಇಳಿದ ಊರು ಜಿದ್ದಾ. ಅದೇ ಊರಿನಿಂದ ಈಗ ಜನ ಮನೆಯ ಊಟ ಉಣ್ಣುತ್ತ ವಿಹಾರಕ್ಕೆ ಹೋಗುತ್ತಿದ್ದಾರೆ. ಇದನ್ನು ಕೇಳಿ ನಮಗೆ ಅಸೂಯೆಯಾಗಲಿ, ವಿಷಾದವಾಗಲಿ ಆಗಬೇಕಾಗಿಲ್ಲ. ಮನುಷ್ಯ ತನ್ನ ರುಚಿಯನ್ನು, ತನ್ನ ಹಲಾಲನ್ನು, ತನ್ನ ಮಡಿಯನ್ನು ಬಿಡದೆ ಲೋಕ ಸುತ್ತಲು ಸಾಧ್ಯವಾಗಿದ್ದರೆ ಅದು ಸಂತೋಷದ ವಿಷಯವೇ.

ಆದರೆ ಹಡಗಿನ ಇತಿಹಾಸ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತದೆ. ಕಡಲಿನ ಮೇಲೆ ಯಾರಿಗೋ ಮನೆಯ ಊಟ ಸಿಗಬೇಕಾದರೆ ಇನ್ನಾರೋ ತಮ್ಮ ಮನೆ ಬಿಟ್ಟು ಬಂದು ಒಲೆಯ ಮುಂದೆ ನಿಂತಿರುತ್ತಾರೆ. ಗೋವಾದ ಬಟ್ಲರ್, ರತ್ನಾಗಿರಿಯ ಭಂಡಾರಿ, ಇಂದಿನ ಮಂಗಳೂರಿನ ಹುಡುಗ. ಕರಾವಳಿಯ ಆ ಯುವಕ ಈ ಸಲ ಮತ್ತೆ ಹಡಗಿಗೆ ಹೊರಟಾಗ ಅವನ ತಾಯಿ ನಿಂಬೆ ಉಪ್ಪಿನಕಾಯಿಯ ಬಾಟಲಿಗೆ ಪ್ಲಾಸ್ಟಿಕ್ ಸುತ್ತಿ, ಮೇಲೆ ಬಟ್ಟೆ ಕಟ್ಟಿ, ಪೆಟ್ಟಿಗೆಯಲ್ಲಿಟ್ಟರು. ವಿಮಾನ ನಿಲ್ದಾಣದಲ್ಲಿ ತೆಗೆಸಿಬಿಟ್ಟಾರು ಎಂದು ಅವನು ಗೊಣಗಿದ. "ತೆಗೆಸಿದರೆ ತೆಗೆಸಲಿ, ನಾನು ಕೊಡದೆ ಕಳಿಸಿದೆ ಅಂತ ಆಗಬಾರದು" ಎಂದರು ಆ ತಾಯಿ. ಹಜ್ ಹಡಗಿಗೆ ಬುತ್ತಿ ಕಟ್ಟಿದ ಹೆಂಗಸರೂ ಇದನ್ನೇ ಅಂದುಕೊಂಡಿರಬೇಕು.